ನಲವತ್ತೊಂದನೆಯ ಪ್ರಶ್ನೆ

ಮೊದಲ ಸುತ್ತಿಗೆ ನನ್ನ ಕೈಲಿದ್ದದ್ದು
ಫಿನ್ಲೆಂಡಿನಿಂದ ಬಂದ ಅರವತ್ತು ಪ್ರಶ್ನೆ,
ಯಾರೋ ಅವಸರದಲ್ಲಿ ಮಾಡಿದ ಕನ್ನಡ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಜೈತುನ್‌ಬಿಯ ಎದುರು ಕುಕ್ಕರಗಾಲಲ್ಲಿ ಕೂತು ಓದಿದೆ:
ನಲವತ್ತೊಂದು. ಚಳಿಗಾಲದಲ್ಲಿ
ವಾರಕ್ಕೆ ಎಷ್ಟು ತಾಸು ಹಿಮ ಎತ್ತಿ ಹಾಕುತ್ತೀರಿ?

ಅವಳು ನಕ್ಕಳು. ನಗು ಕೆಮ್ಮಾಯಿತು,
ಕೆಮ್ಮು ನಿಲ್ಲುವ ತನಕ ಪೆನ್ನು ಹಿಡಿದು ಕಾದೆ.
ಹಿಂದೆ ಅವಳ ಗಂಡ ಕಾದ ಮರಳಿಗೆ ಅಕ್ಕಿ ಸುರಿದ.
ಚಿಟಪಟ ಅರಳಿ, ಜರಡಿ ದಾಟಿ,
ಸೊಂಟದೆತ್ತರ ಬೆಳ್ಳನೆ ಗುಡ್ಡೆ ಬಿತ್ತು.
"ಇದನ್ನೇ ಬರಕೋರಿ," ಅಂದಳು,
"ದಿನಾ ಹತ್ತು ತಾಸು ಎತ್ತತೀನಿ.
ಕರಗೋದೊಂದಿಲ್ಲ."

ಅದಕ್ಕೆ ಕೋಡ್ ನಂಬರ್ ಇರಲಿಲ್ಲ.
ಇತರೆ ಅಂತ ಬರೆದೆ.

ಆಮೇಲೆ ಎಡಗೈ.
ಸ್ಪಿರಿಟಿನ ಹತ್ತಿ ಮೂರು ಸಲ ಕಪ್ಪಾಯಿತು,
ನಾಲ್ಕನೇ ಸಲಕ್ಕೆ ಚರ್ಮದ ಬಣ್ಣ ಬಂತು.
ಮೂರು ನಳಿಕೆ ರಕ್ತ. ಹೆಸರು ತೆಗೆದು
ಡಿ ಸೊನ್ನೆ ನಾಕು ಏಳು ಒಂದು ಅಂತ ಚೀಟಿ ಅಂಟಿಸಿದೆ.
ಒಂದು ಇಲ್ಲೇ, ಪಿ.ಬಿ. ರಸ್ತೆಯ ಶೀತಲ ಪೆಟ್ಟಿಗೆಗೆ;
ಎರಡು ವಿಮಾನ ಹತ್ತಿ ಔಲು ಎಂಬ ಊರಿಗೆ.
ಹೊರಗೆ ನಲವತ್ತು, ಒಳಗೆ ಸೊನ್ನೆಗಿಂತ ಎಂಬತ್ತು ಕೆಳಗೆ.
ಕರೆಂಟು ಹೋದ ರಾತ್ರಿ ಜನರೇಟರ್ ಕಾಯುತ್ತ
ಕೊಟ್ರಪ್ಪ ಗೊಣಗುತ್ತಿದ್ದ: "ಊರೇ ಬೆವರ್ತಾ ಮಲಗೇತಿ,
ಇವರು ಮಾತ್ರ ಚಳೀಲಿ."

ಐದು ವರ್ಷಕ್ಕೊಮ್ಮೆ ಅದೇ ಬಾಗಿಲು.
ನನ್ನ ನರೆತ ಬೈತಲೆ ನೋಡಿ ಅವಳು
"ನಿಮಗ್ಯಾರು ಸೂಜಿ ಹಾಕ್ತಾರ್ರೀ?" ಅಂತ ಕೇಳಿದಳು.
ಊದುವ ಯಂತ್ರಕ್ಕೆ ಅವಳ ಉಸಿರು
ಮೊದಲ ಸಲ ಎರಡು ಲೀಟರ್ ಚಿಲ್ಲರೆ,
ಆಮೇಲೆ ಒಂದೂವರೆ,
ಆಮೇಲೆ, ಅದಕ್ಕಿಂತ ನನ್ನ ಪೆನ್ನೇ ಹೆಚ್ಚು ಸದ್ದು ಮಾಡಿತು.
ಔಲುವಿನ ಪರದೆಯಲ್ಲಿ ಅದೊಂದು ಇಳಿಜಾರು ಗೆರೆ.
ಎಷ್ಟು ಚೆಂದದ ಗೆರೆ, ಅಂದಳಂತೆ ಆನೆಲಿ ಮೇಡಂ.
ಮತ್ತೆ ನಾಲಗೆ ಕಚ್ಚಿಕೊಂಡಳಂತೆ.

ನಾಲ್ಕನೇ ಸುತ್ತಿಗೆ ಹೋದರೆ
ಬಾಗಿಲಿಗೆ ಅಡ್ಡ ನಿಂತವನು ಮಗ ದಾದಾಪೀರ.
"ಅಮ್ಮ ಹೋಗಿ ಎಂಟು ತಿಂಗಳಾತು.
ಎಲ್ಲಾ ಮಣ್ಣಿಗೆ ಕೊಟ್ವಿ.
ನಿಮ್ಮ ಹತ್ರ ಐತಲ್ಲ, ಅದನ್ನೂ ಕೊಡ್ರಿ."

ಒಪ್ಪಿಗೆ ಕಾಗದ ಚೀಲದಲ್ಲೇ ಇತ್ತು. ಹೆಬ್ಬೆಟ್ಟು.
ಏಳನೇ ಸಾಲು: ಯಾವಾಗ ಬೇಕಾದರೂ ಹಿಂಪಡೆಯಬಹುದು.
ಸತ್ತ ಮೇಲೆ ಯಾರು ಹಿಂಪಡೆಯಬೇಕು
ಅನ್ನುವ ಎಂಟನೇ ಸಾಲು ಇರಲಿಲ್ಲ.

ಏಳು ತಿಂಗಳು ಪತ್ರ. ಮೂರು ಸಮಿತಿ. ಎರಡು ದೇಶದ ಮುದ್ರೆ.
ಕಸ್ಟಮ್ಸಿನ ಹಾಳೆಯಲ್ಲಿ ಬೆಲೆ ಎಂಬಲ್ಲಿ
ಆನೆಲಿ ಸೊನ್ನೆ ಬರೆದು, ಹೊಡೆದು ಹಾಕಿ, ಖಾಲಿ ಬಿಟ್ಟಿದ್ದಳು.
ಅಲ್ಲಿಂದ ಒಂದು ನಳಿಕೆ ಬಂತು. ಇನ್ನೊಂದು ಬರಲಾರದು:
ಆಗಲೇ ಲೆಕ್ಕವಾಗಿ, ಎಂಟು ದೇಶದ ಕೋಷ್ಟಕಗಳಲ್ಲಿ
ಚೆಲ್ಲಿಹೋಗಿತ್ತು.

ಕಬರಸ್ತಾನದಲ್ಲಿ ಒಂದು ಗೇಣು ಗುಂಡಿ.
ಗೇಟಿನ ಹೊರಗೆ ನಿಂತು ನೋಡಿದೆ,
ಪೆಟ್ಟಿಗೆ ತೆರೆದಾಗ ಒಣಮಂಜಿನ ಹೊಗೆ
ಬಿಸಿಲಲ್ಲಿ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತಿತ್ತು.

ಮರುವಾರ ಸೊಸೆ ಷಂಷಾದ್ ತಾನೇ ತೋಳು ಮಡಚಿದಳು.
"ನಂದು ವಾಪಸ್ ಬ್ಯಾಡ.
ಆದ್ರ ಏನು ಲೆಕ್ಕ ಬಂತು ಅನ್ನೋದನ್ನ
ಇದೇ ಬಾಗಿಲಿಗೆ ಬಂದು ಹೇಳಬೇಕು.
ಬರಕೋರಿ ಅದನ್ನೂ."
ಅಂಚಿನಲ್ಲಿ ಬರಕೊಂಡೆ. ನಂತರ ಹೊಸ ನಮೂನೆ ಬಿಚ್ಚಿದೆ.
ನಲವತ್ತೊಂದು. ವಾರಕ್ಕೆ ಎಷ್ಟು ತಾಸು
ಹಿಮ ಅಥವಾ ಮಂಡಕ್ಕಿ ಎತ್ತುತ್ತೀರಿ?

ಔಲುವಿನ ಮುದುಕರಿಗೂ ಈಗ ಇದೇ ಪ್ರಶ್ನೆಯಂತೆ.
ಅವರಲ್ಲೊಬ್ಬ ನಕ್ಕು, ಕೆಮ್ಮಿ,
ಮಂಡಕ್ಕಿ ಅಂದರೇನು ಅಂತ ಬರೆಸಿದ್ದಾನೆ.

ಹತ್ತಿ ಒತ್ತಿಕೊಂಡ ಕೈಯಲ್ಲೇ ಷಂಷಾದ್
ಒಂದು ಪೊಟ್ಟಣ ಕಟ್ಟುತ್ತಿದ್ದಾಳೆ.
ಈ ಸಲ ಬೆಲೆಯ ಜಾಗ ತುಂಬಬಹುದು:
ಹತ್ತು ರೂಪಾಯಿ.